ಮಕ್ಕಳ ಸ್ವಾಧ್ಯಾಯ ಮತ್ತು ತಾಯಿತಂದೆಗಳು



ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ಮಾತನಾಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಪಠ್ಯಪುಸ್ತಕಗಳು ಹೇಗಿರಬೇಕು, ಪರೀಕ್ಷೆಗಳು ಹೇಗೆ ನಡೆಯಬೇಕು, ಉಪಾಧ್ಯಾಯರ ಯೋಗ್ಯತೆ ಎಂಥದಿರಬೇಕು ಎಂಬ ಚರ್ಚೆ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನಡೆಯುತ್ತಲೇ ಇದೆ. ಈ ಸಂಜೆ ನಾವು ಎತ್ತಿಕೊಂಡಿರುವ ವಿಷಯ ಅಷ್ಟು ದೊಡ್ಡದಲ್ಲ. ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ, ಹಣವೂ ಹೆಚ್ಚಾಗಿ ಬೇಕಿಲ್ಲ. ಮಗು ತನ್ನ ಪಾಠವನ್ನು ತಾನೇ ಕಲಿಯುವ ಶಕ್ತಿಯನ್ನು ಪಡೆಯುವಂತೆ ಮನೆಯಲ್ಲಿರುವ ತಾಯಿತಂದೆಗಳು ಏನು ಮಾಡಬಹುದು, ಏನನ್ನು ಮಾಡದೆ ಬಿಡಬೇಕು ಎಂಬುದೇ ಆ ವಿಷಯ.

ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಇದು ಬರಿಯ ತತ್ತ್ವದ ಮಾತಲ್ಲ. ಪ್ರತಿವರ್ಷವೂ ಹೊಸ ತರಗತಿ ಸೇರಿದಾಗ ಒಳ್ಳೆಯ ಅಂಕಗಳನ್ನು ಪಡೆದು ಬಂದ ಕೆಲವರು ವಿದ್ಯಾರ್ಥಿಗಳು ನಮ್ಮ ಮುಂದೆ ಕುಳಿತಿರುತ್ತಾರೆ. ಬುದ್ಧಿವಂತರು, ವಿನಯವಂತರು, ಶ್ರಮಕ್ಕೆ ಹಿಂಜರಿಯದವರು. ಆದರೆ ಒಂದು ಅಧ್ಯಾಯವನ್ನು ನೀವೇ ಓದಿಕೊಂಡು ಬನ್ನಿ ಎಂದರೆ ಅವರ ಮುಖ ಬಾಡುತ್ತದೆ. "ಸಾರ್, ಇದರಲ್ಲಿ ಪರೀಕ್ಷೆಗೆ ಯಾವ ಭಾಗ ಮುಖ್ಯ?" ಎಂಬುದೇ ಅವರ ಮೊದಲ ಪ್ರಶ್ನೆ, ಬಹಳಮಟ್ಟಿಗೆ ಕೊನೆಯ ಪ್ರಶ್ನೆಯೂ ಅದೇ. ಇವರ ಓದನ್ನು ಇದುವರೆಗೆ ಬೇರೆ ಯಾರೋ ಓದಿಸಿದ್ದಾರೆ. ಎಷ್ಟು ಹೊತ್ತಿಗೆ ಏಳಬೇಕು, ಯಾವ ಪುಟ ತೆರೆಯಬೇಕು, ಯಾವ ವಾಕ್ಯದ ಕೆಳಗೆ ಗೆರೆ ಎಳೆಯಬೇಕು ಎಂಬುದನ್ನೆಲ್ಲ ಮನೆಯವರೋ ಮನೆಪಾಠದವರೋ ನಿಶ್ಚಯಿಸಿದ್ದಾರೆ. ಮೊದಲ ಬಾರಿಗೆ ಆ ಕೈ ತಪ್ಪಿದಾಗ ಹುಡುಗ ತನಗೆ ಬುದ್ಧಿಯೇ ಇಲ್ಲವೆಂದು ತಿಳಿಯುತ್ತಾನೆ. ಬುದ್ಧಿ ಇದ್ದೇ ಇತ್ತು; ಅಭ್ಯಾಸ ಮಾತ್ರ ಇರಲಿಲ್ಲ. ಕೆಲವರು ಬೇಗನೆ ಚೇತರಿಸಿಕೊಳ್ಳುತ್ತಾರೆ. ಕೆಲವರು ಓದನ್ನೇ ಬಿಟ್ಟು ಹೋಗುತ್ತಾರೆ. ಹೀಗೆ ಬಿಟ್ಟು ಹೋಗುವವರನ್ನು ಕಂಡಾಗ, ಈ ಅಭ್ಯಾಸ ಹತ್ತು ವರ್ಷ ಮುಂಚೆ ಮನೆಯಲ್ಲಿಯೇ ಮೊದಲಾಗಬೇಕಿತ್ತು ಎನ್ನಿಸದೆ ಇರದು.

ಸ್ವತಂತ್ರವಾಗಿ ಕಲಿಯುವುದೆಂದರೆ ಒಂಟಿಯಾಗಿ ಕಲಿಯುವುದೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ನಾಲ್ಕು ಶಕ್ತಿಗಳು ಸೇರಿದರೆ ಅದು ಸ್ವಾಧ್ಯಾಯವೆನಿಸುತ್ತದೆ: ತನಗೆ ಏನು ತಿಳಿಯದು ಎಂಬುದನ್ನು ಗುರುತಿಸುವುದು, ಅದನ್ನು ಎಲ್ಲಿ, ಯಾರಿಂದ ತಿಳಿಯಬಹುದೆಂದು ಯೋಚಿಸುವುದು, ಅದಕ್ಕಾಗಿ ಹೊತ್ತನ್ನು ಗೊತ್ತುಮಾಡಿಕೊಂಡು ಕುಳಿತುಕೊಳ್ಳುವುದು, ಕೊನೆಗೆ, ತಿಳಿಯಿತೇ ಇಲ್ಲವೇ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು. ಇವುಗಳಲ್ಲಿ ಎರಡನೆಯದು ಇನ್ನೊಬ್ಬರ ನೆರವನ್ನು ಕೇಳುವ ಶಕ್ತಿಯೇ ಆಗಿದೆ ಎಂಬುದನ್ನು ಗಮನಿಸಬೇಕು. ಸ್ವತಂತ್ರನಾದವನು ಸಹಾಯವನ್ನು ಬೇಡವೆನ್ನುವವನಲ್ಲ. ಯಾವಾಗ, ಎಷ್ಟು ಬೇಕೆಂದು ಬಲ್ಲವನು.

ನಮ್ಮ ಹಿಂದಿನವರು ಈ ವಿಷಯವನ್ನು ಬಹು ಚೆನ್ನಾಗಿ ಅರಿತಿದ್ದರು. ವಿದ್ಯೆಯನ್ನು ಅವರು ನಾಲ್ಕು ಪಾದಗಳಾಗಿ ವಿಭಾಗಿಸಿದರು. ಒಂದು ಪಾದ ಗುರುವಿನಿಂದ ಬರುತ್ತದೆ, ಒಂದು ಪಾದ ಶಿಷ್ಯನ ಸ್ವಂತ ಬುದ್ಧಿಯಿಂದ, ಒಂದು ಪಾದ ಜೊತೆಯಲ್ಲಿ ಓದುವವರಿಂದ, ಉಳಿದ ಒಂದು ಪಾದ ಕಾಲಕ್ರಮದಿಂದ ಎಂಬ ಸಂಸ್ಕೃತದ ಸುಭಾಷಿತವನ್ನು ತಾವು ಕೇಳಿರಬಹುದು. ಈ ಲೆಕ್ಕದಂತೆ ಗುರುವಿನ ಪಾಲು ನಾಲ್ಕರಲ್ಲಿ ಒಂದು. ಆದರೆ ಇಂದಿನ ಮನೆಗಳಲ್ಲಿ ನಡೆಯುವುದೇನು? ಶಾಲೆಯ ಪಾಠ ಸಾಲದೆಂದು ಬೆಳಗ್ಗೆ ಒಂದು ಮನೆಪಾಠ, ಸಂಜೆ ಒಂದು ಮನೆಪಾಠ. ಎಂದರೆ ಒಂದೇ ಪಾದವನ್ನು ಉದ್ದಮಾಡುತ್ತ ಹೋಗಿ, ಉಳಿದ ಮೂರನ್ನು ಮೊಟಕುಗೊಳಿಸುತ್ತೇವೆ. ಒಂದು ಕಾಲು ಮಾತ್ರ ಉದ್ದವಾದ ಮಂಚದ ಮೇಲೆ ಯಾರಿಗೂ ನಿದ್ರೆ ಬಾರದು. ಆದಕಾರಣ ಉಳಿದ ಮೂರು ಪಾದಗಳಿಗೆ ತಾಯಿತಂದೆಗಳು ಏನು ಮಾಡಬಹುದೆಂಬುದನ್ನು ಒಂದೊಂದಾಗಿ ವಿಚಾರಮಾಡೋಣ.

ಮೊದಲನೆಯದು ಮಗುವಿನ ಸ್ವಂತ ಬುದ್ಧಿ. ಕೂಸು ನಡೆಯಲು ಕಲಿಯುವಾಗ ನಾವು ಮೂರು ಗಾಲಿಯ ಮರದ ಬಂಡಿಯೊಂದನ್ನು ಅದರ ಕೈಗೆ ಕೊಡುತ್ತೇವೆ. ಕೂಸು ಅದನ್ನು ತಳ್ಳಿಕೊಂಡು ಜಗಲಿಯ ಉದ್ದಕ್ಕೂ ನಡೆಯುತ್ತದೆ. ಕೆಲವು ತಿಂಗಳಲ್ಲಿ ಬಂಡಿ ಮೂಲೆ ಸೇರುತ್ತದೆ. ಆರು ವರ್ಷದ ಮಗುವಿಗೆ ಅದನ್ನು ಯಾರೂ ಕೊಡುವುದಿಲ್ಲ. ನಡಿಗೆಯ ವಿಷಯದಲ್ಲಿ ಇಷ್ಟು ವಿವೇಕವುಳ್ಳ ನಾವು ಓದಿನ ವಿಷಯದಲ್ಲಿ ಮಾತ್ರ ಹದಿನಾರು ವರ್ಷದವರೆಗೂ ಬಂಡಿಯನ್ನು ಬಿಡಿಸುವುದಿಲ್ಲ.

1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಈ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದರು. ಮೂರರಿಂದ ಐದು ವರ್ಷದ ಮಕ್ಕಳಿಗೆ ಮರದ ತುಂಡುಗಳನ್ನು ಕೊಟ್ಟು, ಅವನ್ನು ಜೋಡಿಸಿ ಪಿರಮಿಡ್ಡನ್ನು ಕಟ್ಟಲು ಹೇಳಿ, ಪಕ್ಕದಲ್ಲಿ ಕುಳಿತ ಹಿರಿಯರು ಹೇಗೆ ನೆರವಾಗಬಲ್ಲರೆಂಬುದನ್ನು ಅವರು ಪರಿಶೀಲಿಸಿದರು. ಅಂಥ ನೆರವಿಗೆ ಅವರು ಕೊಟ್ಟ ಹೆಸರು ಸಾರುವೆ. ಮನೆ ಕಟ್ಟುವಾಗ ಗೋಡೆಯ ಬದಿಗೆ ಬೊಂಬುಗಳಿಂದ ಕಟ್ಟುತ್ತಾರಲ್ಲ, ಅದೇ ಸಾರುವೆ. ಗೋಡೆ ಏಳುವವರೆಗೆ ಅದು ಅವಶ್ಯಕ. ಗೋಡೆ ನಿಂತ ಮೇಲೆ ಬಿಚ್ಚತಕ್ಕದ್ದು. ಇದರಿಂದ ಒಂದು ಸರಳವಾದ ನಿಯಮ ದೊರೆಯುತ್ತದೆ. ಮಗು ತಪ್ಪಿದಾಗ ನೆರವನ್ನು ಸ್ವಲ್ಪ ಹೆಚ್ಚಿಸಿ. ಮಗು ಗೆದ್ದೊಡನೆ ಸ್ವಲ್ಪ ಕಡಮೆ ಮಾಡಿ.

ಇದನ್ನು ಒಂದು ಲೆಕ್ಕದ ದೃಷ್ಟಾಂತದಿಂದ ಹೇಳಬಹುದು. ಹುಡುಗಿಯೊಬ್ಬಳು ಪುಸ್ತಕವನ್ನು ತಂದು, "ಅಮ್ಮ, ಇದು ಬರುವುದಿಲ್ಲ" ಎನ್ನುತ್ತಾಳೆ. ಅಮ್ಮನಿಗೆ ಒಲೆಯ ಮೇಲೆ ಸಾರು ಕುದಿಯುತ್ತಿದೆ. ಉತ್ತರವನ್ನು ಹೇಳಿಬಿಟ್ಟರೆ ಅರ್ಧ ನಿಮಿಷದ ಕೆಲಸ. ಆದರೆ "ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಮ್ಮ" ಎಂದರೆ ಎಷ್ಟೋ ಸಾರಿ ಓದುತ್ತಿರುವಾಗಲೇ ಹುಡುಗಿಗೆ ದಾರಿ ಕಾಣುತ್ತದೆ. ಕಾಣದಿದ್ದರೆ, "ಇದರಲ್ಲಿ ಏನೇನು ಗೊತ್ತಿದೆ, ಏನನ್ನು ಕೇಳಿದ್ದಾರೆ?" ಎಂದು ಕೇಳಬಹುದು. ಅದೂ ಸಾಲದಿದ್ದರೆ, "ನೆನ್ನೆ ಮಾಡಿದ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ?" ಎನ್ನಬಹುದು. ಇಷ್ಟರ ಮೇಲೂ ಆಗದಿದ್ದರೆ ಮೊದಲ ಮೆಟ್ಟಿಲನ್ನು ತೋರಿಸಿ, ಎರಡನೆಯದನ್ನು ಅವಳಿಗೇ ಬಿಡಬೇಕು. ಈ ಪ್ರಶ್ನೆಗಳಲ್ಲಿ ಯಾವುದಕ್ಕೂ ಅಮ್ಮನಿಗೆ ಗಣಿತ ಬರಬೇಕಾಗಿಲ್ಲ. ಸ್ವಲ್ಪ ತಾಳ್ಮೆ ಬೇಕು. ಗಣಿತಕ್ಕಿಂತ ತಾಳ್ಮೆಯೇ ಕಷ್ಟವೆಂದು ತಾವು ಹೇಳಿದರೆ ನಾವು ಎದುರಾಡುವುದಿಲ್ಲ.

ತಪ್ಪನ್ನು ನಾವೇ ಎತ್ತಿ ತೋರಿಸುವುದಕ್ಕಿಂತ ತಪ್ಪು ತಾನಾಗಿಯೇ ಕಾಣಿಸಿಕೊಳ್ಳುವಂತೆ ಮಾಡುವುದು ಉತ್ತಮ. ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದು, 1939ರಲ್ಲಿ ನಮ್ಮ ದೇಶಕ್ಕೂ ಬಂದು ಮದರಾಸಿನ ಅಡಯಾರಿನಲ್ಲಿ ಉಪಾಧ್ಯಾಯರಿಗೆ ಶಿಕ್ಷಣವಿತ್ತ ಮರಿಯಾ ಮಾಂಟೆಸೊರಿಯವರ ಪದ್ಧತಿಯ ಒಂದು ಗುಟ್ಟು ಇದೇ. ಅವರ ಒಂದು ಉಪಕರಣದಲ್ಲಿ ಬೇರೆಬೇರೆ ಗಾತ್ರದ ಮರದ ಗುಂಡುಗಳನ್ನು ತಕ್ಕ ಕುಳಿಗಳಲ್ಲಿ ಇಡಬೇಕು. ಒಂದನ್ನು ತಪ್ಪಾದ ಕುಳಿಯಲ್ಲಿಟ್ಟರೆ ಕೊನೆಯಲ್ಲಿ ಒಂದು ಗುಂಡು ಹೊಂದದೆ ಉಳಿಯುತ್ತದೆ. ಯಾರೂ ಗದರಿಸದೆಯೇ ಮಗು ತನ್ನ ತಪ್ಪನ್ನು ತಾನೇ ಕಂಡುಕೊಂಡು ಮತ್ತೆ ಜೋಡಿಸುತ್ತದೆ.

ಇಂಥ ಉಪಕರಣಗಳಿಗಾಗಿ ನಾವು ರೋಮಿಗೆ ಹೋಗಬೇಕಾಗಿಲ್ಲ. ಬಾಗಿಲ ಮುಂದಿನ ರಂಗೋಲಿಯನ್ನು ನೋಡಿ. ತಾಯಿ ಚುಕ್ಕಿಗಳನ್ನಿಟ್ಟು ಗೆರೆ ಎಳೆಯುವುದನ್ನು ಮಗಳು ಎಷ್ಟೋ ದಿನ ಬರಿದೆ ನೋಡುತ್ತಾಳೆ. ಒಂದು ದಿನ ಮೂಲೆಯಲ್ಲಿ ಸಣ್ಣದೊಂದನ್ನು ತಾನೇ ಹಾಕುತ್ತಾಳೆ. ಒಂದು ಚುಕ್ಕಿ ತಪ್ಪಿದರೂ ಗೆರೆ ಕೂಡುವುದಿಲ್ಲ. ಅವಳು ಅಳಿಸಿ ಮತ್ತೆ ಹಾಕುತ್ತಾಳೆ. ಮುಂದೆ ಪಕ್ಕದ ಮನೆಯ ಹೊಸ ರಂಗೋಲಿಯನ್ನು ಕಂಡರೆ ಚುಕ್ಕಿಗಳನ್ನು ಎಣಿಸಿಕೊಂಡು ಬಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ಇದಕ್ಕೆ ಅಂಕವಿಲ್ಲ, ಪರೀಕ್ಷೆಯಿಲ್ಲ. ಆದರೂ ಆಗಲೇ ಹೇಳಿದ ನಾಲ್ಕು ಶಕ್ತಿಗಳೂ ಇದರಲ್ಲಿ ಸೇರಿವೆ. ಮನೆಯಲ್ಲಿ ನಾವು ಮಕ್ಕಳಿಗೆ ರಂಗೋಲಿಯನ್ನೂ ಈಜನ್ನೂ ಕಲಿಸುವ ರೀತಿ ಸರಿಯಾಗಿದೆ. ಪುಸ್ತಕವನ್ನು ಕಲಿಸುವ ರೀತಿಯೇ ಕೆಟ್ಟಿರುವುದು.

ಇನ್ನು ಓದಿದ್ದು ನಿಲ್ಲುವ ಮಾತು. ಒಂದು ಪಾಠವನ್ನು ನಾಲ್ಕು ಬಾರಿ ಓದಿದರೆ ಅದು ಮನಸ್ಸಿನಲ್ಲಿ ನಿಲ್ಲುವುದೆಂದು ಬಹುಜನರ ನಂಬಿಕೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಒಮ್ಮೆ ಓದಿದ ಮೇಲೆ ಮತ್ತೊಮ್ಮೆ ಓದಿದರು. ಇನ್ನೊಂದು ಗದ್ಯಭಾಗವನ್ನು ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ, ಮತ್ತೆ ಓದಿದ್ದರಲ್ಲಿ ನೂರಕ್ಕೆ 81 ಪಾಲೂ ಮುಚ್ಚಿಟ್ಟು ಬರೆದದ್ದರಲ್ಲಿ 75 ಪಾಲೂ ನೆನಪಿನಲ್ಲಿತ್ತು. ಒಂದು ವಾರದ ನಂತರ ಪರೀಕ್ಷಿಸಿದಾಗ ಈ ಲೆಕ್ಕ ತಲೆಕೆಳಗಾಯಿತು: ಮತ್ತೆ ಓದಿದ್ದರಲ್ಲಿ 42, ಮುಚ್ಚಿಟ್ಟು ಬರೆದದ್ದರಲ್ಲಿ 56. ಮತ್ತೆ ಮತ್ತೆ ಓದುವುದರಿಂದ ಬರುವುದು ಬಹಳಮಟ್ಟಿಗೆ ತಿಳಿದ ಭ್ರಾಂತಿ. ಮುಚ್ಚಿಟ್ಟು ನೆನೆಯುವುದರಿಂದ ಬರುವುದೇ ವಿದ್ಯೆ.

ಇದು ಓದುಬರೆಹವನ್ನರಿಯದ ತಾಯಿತಂದೆಗಳಿಗೆ ಶುಭವಾರ್ತೆಯೆಂದು ನಮ್ಮ ಅಭಿಪ್ರಾಯ. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಶಾಲೆಗೆ ಹೋಗುವ ಮಗುವೇ ಆ ಮನೆಯ ಮೊದಲ ಅಕ್ಷರಸ್ಥ. "ನಮಗೇನು ತಿಳಿಯುತ್ತದೆ ಸ್ವಾಮಿ, ನೀವೇ ಹೇಳಿಕೊಡಬೇಕು" ಎಂದು ಅಲ್ಲಿಯ ತಂದೆ ಕೈಮುಗಿಯುತ್ತಾನೆ. ಅವನು ಮಾಡಬಹುದಾದದ್ದು ಬಹಳವಿದೆ. ರಾತ್ರಿ ಊಟವಾದ ಮೇಲೆ ಪುಸ್ತಕವನ್ನು ಮುಚ್ಚಿಸಿ ತನ್ನ ಮೊಣಕಾಲ ಮೇಲಿಟ್ಟುಕೊಂಡು, "ಇವತ್ತು ಏನು ಕಲಿತೆ, ನನಗೆ ತಿಳಿಯುವ ಹಾಗೆ ಹೇಳು" ಎಂದು ಕೇಳಿದರೆ ಸಾಕು. ಮಗು ಹೇಳುತ್ತ ಹೋಗಿ ಎಲ್ಲಿ ತಡೆಯುತ್ತದೋ ಅಲ್ಲಿಯೇ ಅದಕ್ಕೆ ತಿಳಿಯದ ಜಾಗವಿದೆ. "ಅಲ್ಲಿ ಏನೆಂದಿದೆ ನೋಡು" ಎಂದು ಪುಸ್ತಕವನ್ನು ಹಿಂದಕ್ಕೆ ಕೊಟ್ಟರೆ ಪಾಠ ಪೂರ್ತಿಯಾಯಿತು. ಈ ಪರೀಕ್ಷಕನಿಗೆ ಉತ್ತರ ತಿಳಿಯದಿರುವುದು ಕೊರತೆಯಲ್ಲ. ಅವನು ನಿಜವಾಗಿಯೂ ತಿಳಿಯದೆ ಕೇಳುತ್ತಾನಾದ್ದರಿಂದ ಮಗು ನಿಜವಾಗಿಯೂ ಬಿಡಿಸಿ ಹೇಳಬೇಕಾಗುತ್ತದೆ.

ಎರಡನೆಯದು ಜೊತೆಯವರಿಂದ ಬರತಕ್ಕ ಪಾದ. 1789ರಲ್ಲಿ ಮದರಾಸಿನ ಎಗ್ಮೂರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿ, ನಮ್ಮ ದೇಶದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ಬರೆದು ಕಲಿಯುತ್ತಿದ್ದುದನ್ನು ಕಂಡು ತನ್ನ ಶಾಲೆಯಲ್ಲಿ ಅದನ್ನು ಬಳಕೆಗೆ ತಂದನು. ಹಿರಿಯ ಹುಡುಗರಿಂದಲೇ ಕಿರಿಯರಿಗೆ ಪಾಠ ಹೇಳಿಸಿದನು. 1797ರಲ್ಲಿ ಅದನ್ನು ಕುರಿತು ಪುಸ್ತಕ ಬರೆದನು. ಇಂಗ್ಲೆಂಡಿನ ನೂರಾರು ಶಾಲೆಗಳಿಗೆ ಆ ಪದ್ಧತಿ ಹರಡಿತು. ಆ ಪದ್ಧತಿಯಲ್ಲಿ ಯಾಂತ್ರಿಕತೆಯ ದೋಷಗಳಿದ್ದುದು ನಿಜ. ಆದರೆ ಇನ್ನೊಬ್ಬನಿಗೆ ಹೇಳಿಕೊಡುವವನು ತಾನೇ ಹೆಚ್ಚಾಗಿ ಕಲಿಯುತ್ತಾನೆಂಬ ಅದರ ತಿರುಳು ಇಂದಿಗೂ ಹುಸಿಯಾಗಿಲ್ಲ. ಆದುದರಿಂದ ಅಕ್ಕ ತಮ್ಮನಿಗೆ ಮಗ್ಗಿ ಹೇಳಿಕೊಡುತ್ತಿದ್ದರೆ, ಅವಳ ಓದು ಕೆಡುತ್ತದೆಂದು ಎಬ್ಬಿಸಿ ಕಳುಹಿಸಬೇಡಿ. ನೆರೆಮನೆಯ ಹುಡುಗರು ಇಬ್ಬರು ಮೂವರು ಸೇರಿ ಜಗಲಿಯ ಮೇಲೆ ಕುಳಿತು ವಾದಿಸುತ್ತಿದ್ದರೆ, ಅದು ಹರಟೆಯೆಂದು ಬಗೆಯಬೇಡಿ. ಮಗುವನ್ನು ಆ ಜೊತೆಯವರೊಡನೆ ಹೋಲಿಸಿ ಹೀಯಾಳಿಸಿದಿರೋ, ನಾಳೆಯಿಂದ ಆ ಜೊತೆಗಾರನೇ ವೈರಿಯಾಗುತ್ತಾನೆ. ಆ ಪಾದ ಅಲ್ಲಿಗೇ ಮುರಿಯುತ್ತದೆ.

ಮೂರನೆಯದು ಕಾಲ. ಕಾಲದ ವಿಷಯದಲ್ಲಿ ತಾಯಿತಂದೆಗಳು ಮಾಡಬೇಕಾದದ್ದು ಎರಡು. ಹೊತ್ತಿನ ಯಜಮಾನಿಕೆಯನ್ನು ಸ್ವಲ್ಪಸ್ವಲ್ಪವಾಗಿ ಮಗುವಿಗೆ ವಹಿಸಿಕೊಡಬೇಕು. ಏಳು ವರ್ಷದ ಮಗುವಿಗೆ, "ಮೊದಲು ಲೆಕ್ಕವೋ ಕಾಪಿಯೋ?" ಎಂಬ ಆಯ್ಕೆಯೇ ಸಾಕು. ಹತ್ತು ವರ್ಷದ ಮಗು ಸಂಜೆಯ ಎರಡು ಗಂಟೆಯನ್ನು ತಾನೇ ಹಂಚಿಕೊಳ್ಳಲಿ. ಹದಿಮೂರರ ಹೊತ್ತಿಗೆ ವಾರದ ಯೋಜನೆ ಅದರದೇ ಆಗಿರಲಿ. ಭಾನುವಾರ ಒಮ್ಮೆ ಕುಳಿತು ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ಏತಕ್ಕೆ ಎಂದು ನ್ಯಾಯಾಧೀಶರಂತಲ್ಲದೆ ಸ್ನೇಹಿತರಂತೆ ವಿಚಾರಿಸೋಣ. ಎರಡನೆಯದಾಗಿ, ಫಲಕ್ಕಾಗಿ ಕಾಯಬೇಕು. ಲಂಚ ಕೊಟ್ಟು ಅವಸರಪಡಿಸಬಾರದು. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬವರು ಚಿತ್ರ ಬರೆಯುವುದರಲ್ಲಿ ಸಹಜವಾದ ಆಸಕ್ತಿಯಿದ್ದ ಎಳೆಯ ಮಕ್ಕಳನ್ನು ಆರಿಸಿ, ಕೆಲವರಿಗೆ ಮಾತ್ರ ಚಿತ್ರ ಬರೆದರೆ ಬಹುಮಾನ ಕೊಡುವೆವೆಂದು ಮುಂಚಿತವಾಗಿ ಹೇಳಿದರು. ಒಂದೆರಡು ವಾರಗಳ ಮೇಲೆ ನೋಡಿದಾಗ, ಹೀಗೆ ಬಹುಮಾನದ ಆಸೆಗೆ ಬರೆದ ಮಕ್ಕಳು ಮಿಕ್ಕವರು ಚಿತ್ರಕ್ಕಾಗಿ ಕಳೆಯುತ್ತಿದ್ದ ಹೊತ್ತಿನ ಸುಮಾರು ಅರ್ಧವನ್ನು ಮಾತ್ರ ಕಳೆಯುತ್ತಿದ್ದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ. ಮೊದಲ ಸ್ಥಾನ ಬಂದರೆ ಸೈಕಲ್ಲು ಕೊಡಿಸುತ್ತೇವೆಂದು ಮಾತು ಕೊಡುವ ಮುನ್ನ ಇದನ್ನು ಸ್ವಲ್ಪ ನೆನೆಯುವುದು ಮೇಲು. ಮಗು ಚೆನ್ನಾಗಿ ಮಾಡಿದಾಗ ಸಂತೋಷಪಡಬೇಡಿರೆಂದು ನಾವು ಹೇಳುತ್ತಿಲ್ಲ. ಸಂತೋಷವನ್ನು ಕರಾರುಪತ್ರವಾಗಿ ಮಾಡಬೇಡಿ ಎನ್ನುತ್ತೇವೆ.

ಈಗ ಕೆಲವು ಆಕ್ಷೇಪಣೆಗಳನ್ನು ಎದುರಿಸಬೇಕು. ಮಗುವಿನ ಕೈಗೆ ಓದನ್ನು ಬಿಟ್ಟರೆ ಅಂಕಗಳು ಇಳಿಯುವುದಿಲ್ಲವೆ ಎಂದು ತಂದೆಯೊಬ್ಬರು ಕೇಳಬಹುದು. ಕೆಲವು ಕಾಲ ಇಳಿಯಬಹುದು. ಇದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಆದರೆ ಐದನೆಯ ತರಗತಿಯಲ್ಲಿ ಹತ್ತು ಅಂಕ ಇಳಿದರೆ ಅದರಿಂದ ನಷ್ಟವಾಗುವುದು ಅಲ್ಪ; ಅದೇ ಪಾಠವನ್ನು ಹದಿನೆಂಟನೆಯ ವರ್ಷದಲ್ಲಿ ಮನೆಯಿಂದ ದೂರದ ಊರಿನಲ್ಲಿ ಕಲಿಯಬೇಕಾದರೆ ತೆರಬೇಕಾದ ಬೆಲೆ ಬಹು ದೊಡ್ಡದು. ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ತಿಂಗಳಿರುವಾಗ ಸಾರುವೆಯನ್ನೆಲ್ಲ ಒಮ್ಮೆಗೇ ಕಿತ್ತುಹಾಕಿರೆಂದು ನಾವು ಹೇಳುವುದಿಲ್ಲ. ಮುಂಚಿತವಾಗಿ, ಒಂದೊಂದು ಬೊಂಬಾಗಿ ಬಿಚ್ಚಬೇಕು.

ಕೆಲವು ಮಕ್ಕಳು ಎಷ್ಟು ಹೇಳಿದರೂ ಓದುವುದಿಲ್ಲ, ಅವರನ್ನು ಬಿಟ್ಟರೆ ಕೆಟ್ಟುಹೋಗುತ್ತಾರೆ ಎಂಬುದು ಇನ್ನೊಂದು ಮಾತು. ಇಲ್ಲಿ ಎಚ್ಚರಿಕೆ ಅಗತ್ಯ. ಕಣ್ಣಿನ ದೋಷದಿಂದ ಹಲಗೆಯ ಮೇಲಿನ ಬರೆಹ ಕಾಣದ ಮಗುವುಂಟು. ಕಿವಿ ಮಂದವಾದ ಮಗುವುಂಟು. ಬುದ್ಧಿ ಚುರುಕಾಗಿದ್ದರೂ ಅಕ್ಷರಗಳನ್ನು ಕೂಡಿಸಿ ಓದುವುದೇ ಕಷ್ಟವಾಗಿರುವ ಮಗುವೂ ಉಂಟು. ಇಂಥ ಮಕ್ಕಳಿಗೆ ವೈದ್ಯರ ಮತ್ತು ತಜ್ಞರ ನೆರವು ಬೇಕು. ಸ್ವಾತಂತ್ರ್ಯದ ಹೆಸರಿನಲ್ಲಿ ಅವರನ್ನು ಅವರ ಪಾಡಿಗೆ ಬಿಡುವುದು ಉದಾಸೀನವೇ ಹೊರತು ಶಿಕ್ಷಣವಲ್ಲ. ಸೋಮಾರಿಯೆಂದು ಹೊಡೆಯುವುದಂತೂ ಅನ್ಯಾಯ.

ಮೊಬೈಲಿನಲ್ಲಿ ಕೇಳಿದೊಡನೆ ಉತ್ತರ ದೊರೆಯುವ ಈ ಕಾಲದಲ್ಲಿ ಇಷ್ಟೆಲ್ಲ ಶ್ರಮ ಏತಕ್ಕೆ ಎಂದೂ ಕೆಲವರು ಕೇಳುತ್ತಾರೆ. ಪ್ರಶ್ನೆ ಹಾಕಿದರೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳೂ ಈಗ ಬಂದಿವೆ. ಆದರೆ ಆಗಲೇ ಹೇಳಿದ ಪ್ರಯೋಗವನ್ನು ನೆನೆದರೆ ಉತ್ತರ ಸ್ಪಷ್ಟವಾಗುತ್ತದೆ: ಮನಸ್ಸಿನಲ್ಲಿ ನಿಲ್ಲುವುದು ನಾವು ಕಷ್ಟಪಟ್ಟು ಹೊರತೆಗೆದದ್ದು, ಎದುರಿಗೆ ಸಿದ್ಧವಾಗಿ ಬಂದು ನಿಂತದ್ದಲ್ಲ. ಮಗು ಮೊದಲು ತನ್ನ ಉತ್ತರವನ್ನು ಬರೆದು, ಅನಂತರ ಯಂತ್ರದ ಉತ್ತರದೊಡನೆ ಹೋಲಿಸಿ, ಯಾವುದು ಸರಿ, ಏಕೆ ಎಂದು ವಾದಿಸಲಿ. ಆಗ ಯಂತ್ರ ಸಹಪಾಠಿಯಾಗುತ್ತದೆ. ಇಲ್ಲವಾದರೆ ಅದು ಎಂದಿಗೂ ಬಿಡದ ಮೂರು ಗಾಲಿಯ ಬಂಡಿ.

ಸ್ವಾಧ್ಯಾಯದಿಂದ ಏನು ಸಾಧ್ಯವೆಂಬುದಕ್ಕೆ ದೃಷ್ಟಾಂತಗಳು ನಮ್ಮಲ್ಲಿಯೇ ಇವೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಸಂಸ್ಕೃತ, ಇಂಗ್ಲಿಷ್, ರಾಜ್ಯಶಾಸ್ತ್ರಗಳನ್ನು ತಮ್ಮ ಶ್ರಮದಿಂದಲೇ ಸಾಧಿಸಿ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿ ಇತರರ ಅಧ್ಯಯನಕ್ಕೂ ನೆಲೆಯಾದರು. ಕೋಟದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನು ಬಿಟ್ಟವರು. ಮುಂದೆ ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಬರೆದರು. ಶಾಲೆ ಬೇಡವೆಂಬುದು ಇದರ ಅರ್ಥವಲ್ಲ. ಎಲ್ಲ ಮಕ್ಕಳೂ ಗುಂಡಪ್ಪನವರೋ ಕಾರಂತರೋ ಆಗುವುದಿಲ್ಲ, ಆಗಬೇಕಾದದ್ದೂ ಇಲ್ಲ. ಆದರೆ ಶಾಲೆಯ ಬಾಗಿಲು ಎಲ್ಲರಿಗೂ ಒಂದು ದಿನ ಮುಚ್ಚುತ್ತದೆ. ವ್ಯವಸಾಯಗಾರನಿಗೆ ಹೊಸ ಬೆಳೆ, ಗುಮಾಸ್ತನಿಗೆ ಹೊಸ ಯಂತ್ರ, ಗೃಹಿಣಿಗೆ ಮನೆಯವರ ಹೊಸ ಕಾಯಿಲೆ ಎದುರಾದಾಗ ಪಕ್ಕದಲ್ಲಿ ಮನೆಪಾಠದವರು ಇರುವುದಿಲ್ಲ. ಅಲ್ಲಿಂದ ಮುಂದಿನ ಐವತ್ತು ವರ್ಷಗಳ ಕಲಿಕೆ ಅವರವರದೇ.

ಆದಕಾರಣ ಶ್ರೋತೃಗಳಲ್ಲಿ ನಮ್ಮ ಪ್ರಾರ್ಥನೆ ಚಿಕ್ಕದು. ಈ ವಾರ ತಮ್ಮ ಮಗುವಿಗೆ ತಾವು ಮಾಡಿಕೊಡುತ್ತಿರುವ ಕೆಲಸಗಳಲ್ಲಿ ಅದು ತಾನೇ ಮಾಡಬಲ್ಲ ಒಂದನ್ನು ಆರಿಸಿ. ಪುಸ್ತಕದ ಚೀಲ ತುಂಬುವುದಾಗಬಹುದು, ತಿಳಿಯದ ಶಬ್ದವನ್ನು ನಿಘಂಟಿನಲ್ಲಿ ಹುಡುಕುವುದಾಗಬಹುದು, ಮಾಡಿದ ಲೆಕ್ಕವನ್ನು ತಾಳೆ ನೋಡುವುದಾಗಬಹುದು. ಅದೊಂದನ್ನು ಮಗುವಿಗೆ ಒಪ್ಪಿಸಿ, ಪಕ್ಕದಲ್ಲಿಯೇ ಇದ್ದು, ಕೈಯನ್ನು ಮಾತ್ರ ಹಿಂದಕ್ಕೆ ಕಟ್ಟಿಕೊಳ್ಳಿ. ಮೊದಲ ದಿನ ಒಂದು ಪುಸ್ತಕ ಮರೆತುಹೋಗಬಹುದು. ಮರುದಿನ ಮಗು ಚೀಲವನ್ನು ಎರಡು ಸಾರಿ ನೋಡುತ್ತದೆ. ಮುಂದಿನ ತಿಂಗಳು ಇನ್ನೊಂದು ಕೆಲಸವನ್ನು ಒಪ್ಪಿಸಿ. ಹೀಗೆ ನಡೆದರೆ, ನಮ್ಮ ಕಾಲೇಜಿನ ತರಗತಿಗೆ ಅದು ಬಂದು ಕುಳಿತಾಗ ಕೇಳುವ ಪ್ರಶ್ನೆ ಬೇರೆಯಾಗಿರುತ್ತದೆ. "ಯಾವ ಭಾಗ ಮುಖ್ಯ?" ಎನ್ನುವ ಬದಲು, "ಸಾರ್, ಇಡೀ ಅಧ್ಯಾಯವನ್ನು ಓದಿದೆ, ಈ ಒಂದು ಮಾತು ಮಾತ್ರ ಒಪ್ಪಿಗೆಯಾಗಲಿಲ್ಲ" ಎನ್ನುತ್ತದೆ. ಪಾಠ ಹೇಳುವವರಿಗೆ ಇದಕ್ಕಿಂತ ಹೆಚ್ಚಿನ ಸಂಬಳವಿಲ್ಲ.